ಕ್ಯಾಡ್ ಮಾಡಿಕೊಡುವವರನ್ನು ಹುಡುಕುವ ಮುನ್ನ

ಅಡಿಕೆ ಸುಲಿಯುವ ಯಂತ್ರಕ್ಕೆ ನೀವು ಯೋಚಿಸಿರುವ ಹಿಡಿಕೆಯ ಜೋಡಣೆ ಚೆನ್ನಾಗಿದೆ. ಕ್ಯಾಡ್ ಬಾರದೆಂಬ ಕಾರಣಕ್ಕೆ ದಯವಿಟ್ಟು ಕೈಬಿಡಬೇಡಿ. ಆದರೆ ಮಾಡೆಲ್ ಮಾಡುವವರ ಮುಂದೆ ಬರಿಗೈಯಲ್ಲಿ ಹೋಗಬೇಡಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಂಡಂತೆ ಮೂರು ಚಿತ್ರಗಳನ್ನು ಕೈಯಲ್ಲೇ ಬರೆದು, ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದ ಅಳತೆಗಳನ್ನು ಮಿಲಿಮೀಟರಿನಲ್ಲಿ ಗುರುತಿಸಿ. ಯಾವ ಭಾಗ ಬಿಗಿಯಾಗಿ ಕೂರಬೇಕು, ಯಾವುದು ಜಾರಬೇಕು ಎಂಬುದನ್ನೂ ಬರೆಯಿರಿ. ಪ್ಲಾಸ್ಟಿಕ್ ಎಳೆ ಕರಗಿಸುವ ಸಾಮಾನ್ಯ ತ್ರೀಡಿ ಪ್ರಿಂಟರ್‌ನಲ್ಲಿ ಜಾರುವ ಭಾಗಗಳ ನಡುವೆ ಸುಮಾರು 0.2ರಿಂದ 0.4 ಮಿ.ಮೀ. ಸಂದು ಬಿಡಬೇಕಾಗುತ್ತದೆ. ಈ ಸಂದು ಪ್ರಿಂಟ್ ವಿಧಾನಕ್ಕೆ ತಕ್ಕಂತೆ ಬದಲಾಗುವುದರಿಂದ, ಯಾವ ವಿಧಾನದಲ್ಲಿ ಪ್ರಿಂಟ್ ಮಾಡಿಸುತ್ತೀರಿ ಎಂದು ಕೇಳದೆಯೇ ಕೆಲಸ ಒಪ್ಪಿಕೊಳ್ಳುವವರನ್ನು ನಾನಾದರೆ ನಂಬುವುದಿಲ್ಲ.

ಪರದೆಯ ಮೇಲೆ ಚೆಂದದ ಚಿತ್ರ ತೋರಿಸುವವರಿಗಿಂತ ವರ್ಕ್‌ಶಾಪಿನಲ್ಲಿ ಕೈ ಪಳಗಿದವರು ನಿಮಗೆ ಬೇಕು. ಹತ್ತಿರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗ, ಬೆಂಗಳೂರಿಗೆ ಬಂದರೆ ಪೀಣ್ಯ ಕೈಗಾರಿಕಾ ಪ್ರದೇಶ: ಇಲ್ಲೆಲ್ಲ ವಿಚಾರಿಸಿ. ಮೊದಲು ಒಂದು ಸಣ್ಣ ಭಾಗವನ್ನಷ್ಟೇ ಕೊಟ್ಟು, ಪ್ರಿಂಟ್ ಮಾಡಿಸಿ, ಕೈಯಲ್ಲಿ ಹಿಡಿದು ನೋಡಿ. ದರ ಮಾತಾಡುವಾಗಲೇ ತಿದ್ದುಪಡಿಗಳನ್ನೂ ಸೇರಿಸಿಕೊಳ್ಳಿ; ಮೊದಲ ಮಾದರಿಯೇ ಸರಿಯಾಗುವುದು ಅಪರೂಪ.

ಎಸ್‌ಟಿಎಲ್ ಫೈಲ್ ಒಂದನ್ನೇ ಪಡೆದು ಹಣ ಕೊಟ್ಟುಬಿಡಬೇಡಿ. ಅದರಲ್ಲಿರುವುದು ತ್ರಿಕೋನಗಳಿಂದ ಹೆಣೆದ ಮೇಲ್ಮೈ ಮಾತ್ರ. ನಾಳೆ ಒಂದು ರಂಧ್ರ ಹಿಗ್ಗಿಸುವುದೂ ತ್ರಾಸ. ಮೂಲ ಕ್ಯಾಡ್ ಫೈಲ್ ಮತ್ತು ಬೇರೆ ಕ್ಯಾಡ್ ತಂತ್ರಾಂಶಗಳಲ್ಲೂ ತೆರೆಯಬಹುದಾದ ಸ್ಟೆಪ್ ಫೈಲ್ ಎರಡನ್ನೂ ಕೇಳಿ ಪಡೆಯಿರಿ.

ಪೇಟೆಂಟ್ ಯೋಚನೆಯಿದ್ದರೆ ಚಿತ್ರ ತೋರಿಸುವ ಮೊದಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ. ತಾತ್ಕಾಲಿಕ ವಿವರಣೆಯೊಂದಿಗೂ ಅರ್ಜಿ ಹಾಕಬಹುದು, ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳಿರುತ್ತದೆ.