ಪುತಳಿಗೆ ಬೆಲೆ ಕಟ್ಟುವಾಗ

ಪುತಳಿ ಸರ ತಂದು ಮುಂದಿಟ್ಟವರ ಮೊದಲ ಪ್ರಶ್ನೆ, 'ಇವು ಖರೇ ನಾಣ್ಯ ಏನ್ರಿ?' ಲಕ್ಷ್ಮೇಶ್ವರದ ಪತ್ತಾರ ಮನೆತನದಲ್ಲಿ ಹುಟ್ಟಿ, ಗದಗಿನಲ್ಲಿ ತಕ್ಕಡಿ ಹಿಡಿದು ಕೂತ ನನ್ನ ಉತ್ತರ ಬಹುತೇಕ 'ಅಲ್ಲ' ಎಂದೇ ಇರುತ್ತದೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಯಾಕೋ!

ಪುತಳಿಯ ಮೂಲ ವೆನಿಸ್ಸಿನ ಡುಕಾಟ್. 1284ರಿಂದ 1797ರಲ್ಲಿ ಆ ಗಣರಾಜ್ಯ ಬೀಳುವತನಕ ಅಚ್ಚಾದ, ಸುಮಾರು ಮೂರೂವರೆ ಗ್ರಾಂ ತೂಗುವ, ಹೆಚ್ಚುಕಡಿಮೆ ಅಪ್ಪಟ ಬಂಗಾರದ ನಾಣ್ಯ. ಒಂದು ಬದಿಗೆ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ದೊರೆ, ಇನ್ನೊಂದು ಬದಿಗೆ ಚುಕ್ಕಿಗಳ ನಡುವೆ ನಿಂತ ಯೇಸು. ವ್ಯಾಪಾರದ ಜೊತೆ ನಮ್ಮಲ್ಲಿಗೆ ಬಂದ ಇದನ್ನು ನೋಡಿ ಅಕ್ಕಸಾಲಿಗರು ತಾವೇ ಅಚ್ಚು ಕೆತ್ತಿಕೊಂಡರು. ಲ್ಯಾಟಿನ್ ಅಕ್ಷರಗಳು ಬರೀ ಗೀಟುಗಳಾದವು, ದೊರೆ ಮತ್ತು ಸಂತ ಗೊಂಬೆಗಳಾದರು. ಭೂತಗನ್ನಡಿಯಲ್ಲಿ ನಾನು ಹುಡುಕುವುದು ಆ ಅಕ್ಷರಗಳನ್ನೇ. ಓದಲು ಬರುವಂತಿದ್ದರೆ ನಾಣ್ಯ ಬಲ್ಲವರ ಹತ್ತಿರ ಕಳಿಸುತ್ತೇನೆ. ಗೀಟಾಗಿದ್ದರೆ ಅದು ಒಡವೆ, ಬೆಲೆಯೂ ಒಡವೆಯದೇ.

ಒಡವೆಗೆ ಬೆಲೆ ಕಟ್ಟುವುದೇ ಕಷ್ಟದ ಕೆಲಸ. ಸರವನ್ನು ಇಡಿಯಾಗಿ ತೂಗಬಾರದು. ದಾರ ಕತ್ತರಿಸಿ ಬಿಡಿಬಿಡಿಯಾಗಿ ತೂಗಬೇಕು. ಕೆಲವು ಗಟ್ಟಿ ತಗಡು, ಕೆಲವು ಎರಡು ತೆಳು ತಗಡಿನ ನಡುವೆ ಅರಗು ತುಂಬಿದವು. ಒರೆಗಲ್ಲಿಗೆ ಅಂಚನ್ನೂ ಕೊಂಡಿಯನ್ನೂ ಬೇರೆ ಬೇರೆ ತಿಕ್ಕಬೇಕು, ಬೆಸುಗೆಯ ಬಂಗಾರ ಯಾವತ್ತೂ ಒಂದು ಮಟ್ಟ ಕಡಿಮೆ. ಶಿರಹಟ್ಟಿಯ ಅಕ್ಕ-ತಂಗಿ ತಾಯಿಯ ಸರ ಪಾಲು ಮಾಡಿಸಲು ಬಂದಿದ್ದರು. ಅಕ್ಕ ಉಬ್ಬಿದವನ್ನು ಆರಿಸಿಕೊಂಡಳು, ತಂಗಿಗೆ ಚಪ್ಪಟೆಯವು ಉಳಿದವು. ಉಬ್ಬಿದ ಒಂದನ್ನು ದೀಪಕ್ಕೆ ಹಿಡಿದೆ. ಕೊಂಡಿಯ ಬುಡದಿಂದ ಕಪ್ಪು ಅರಗು ಒಸರಿತು. ಅಕ್ಕ ತಾನೇ, 'ಎಲ್ಲಾ ಬಿಚ್ಚಿ ತೂಗ್ರಿ' ಅಂದಳು. ಅಚ್ಚು ಸ್ಪಷ್ಟವಿರುವ ಹಳೇ ಪುತಳಿಯನ್ನು ಕರಗಿಸಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ಕರಗಿಸಿದರೆ ತೂಕದ ದುಡ್ಡಷ್ಟೇ. ಅಂಥ ಅಚ್ಚು ಕೆತ್ತುವ ಕೈ ಈಗ ಎಲ್ಲಿದೆ?

ಈಗಿನ ಪುಟಾಣಿ ಲಕ್ಷ್ಮಿ ಕಾಸಿನದು ಬೇರೆ ಕಥೆ. 2023ರ ಏಪ್ರಿಲ್‌ನಿಂದ ಒಡವೆಗೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಕಡ್ಡಾಯ. ಎರಡು ಗ್ರಾಂಗಿಂತ ಕಡಿಮೆಯದಕ್ಕೆ ವಿನಾಯಿತಿ. ಹಾಗಾಗಿ ಚಿಕ್ಕ ಕಾಸಿಗೆ ಬಿಲ್ಲೇ ಗತಿ.

ಎಲ್ಲಕ್ಕಿಂತ ಅಪಾಯದ್ದು 'ಪಾಯ ತೋಡುವಾಗ ಸಿಕ್ಕ' ನಾಣ್ಯ. ಮಾದರಿಗೆ ಖರೇ ನಾಣ್ಯ ತೋರಿಸಿ ಹಿತ್ತಾಳೆಯ ಚೀಲ ಮಾರುವ ಈ ಮೋಸ ಹರಪನಹಳ್ಳಿ, ದಾವಣಗೆರೆ ಕಡೆಯ ಪೊಲೀಸರಿಗೆ ಹಳೆಯದು. ನಮ್ಮ ಕಡೆ ಇಂಥ ಕಥೆ ಬೇಗ ನಂಬಿಕೆ ಗಳಿಸುತ್ತದೆ, ಏಕೆಂದರೆ ಲಕ್ಕುಂಡಿಯಲ್ಲಿ ಟಂಕಸಾಲೆ ಇದ್ದದ್ದು ನಿಜ, ಶಾಸನಗಳಲ್ಲಿ ಅಲ್ಲಿಯ ಬಂಗಾರದ ನಾಣ್ಯ ಲೊಕ್ಕಿ ಗದ್ಯಾಣದ ಹೆಸರಿರುವುದೂ ನಿಜ. ಆದರೆ ಆ ಗದ್ಯಾಣಗಳಲ್ಲಿ ಮುದ್ರೆಗಳನ್ನು ಒಂದೊಂದಾಗಿ ಕುಟ್ಟಿದ್ದಾರೆ, ಒಂದರಂತೆ ಇನ್ನೊಂದಿಲ್ಲ. ಮೋಸಗಾರರ ಚೀಲದಲ್ಲಿ ಎಲ್ಲವೂ ಒಂದೇ ಪಡಿಯಚ್ಚು. ಅದೇ ಗಾತ್ರದ ಹಿತ್ತಾಳೆ ಬಿಲ್ಲೆ ಇಪ್ಪತ್ತೆರಡು ಕ್ಯಾರಟ್ ಬಂಗಾರದ ಅರ್ಧದಷ್ಟೂ ತೂಗುವುದಿಲ್ಲ.

ಮುಂಡರಗಿಯ ರೈತರೊಬ್ಬರು ಅಂಥದೊಂದು ಮಾದರಿ ನಾಣ್ಯ ತಂದಿದ್ದರು. ಮೂರು ಗುಂಜಿ ತೂಕ, ವಿಜಯನಗರದ 'ಹಣ' ಎಂಬ ನಾಣ್ಯದಷ್ಟೇ ಚಿಕ್ಕದು. ಒರೆಗೆ ಹಚ್ಚಿದೆ, ಬಂಗಾರವೇ. ಉಳಿದ ಚೀಲಕ್ಕೆ ದುಡ್ಡು ಹೊಂದಿಸುತ್ತಿರುವುದಾಗಿ ಅವರು ಹೇಳಿದರು. 'ಇದು ಖರೇ ಐತಿ, ಅದಕ್ಕs ಹೋಗಬ್ಯಾಡ್ರಿ' ಅಂದೆ. ಚೀಲದಲ್ಲಿದ್ದದ್ದು ನಿಜವಾದ ನಿಧಿಯೇ ಆಗಿದ್ದರೂ, 1962ರ ರಾಜ್ಯದ ನಿಧಿ ಕಾಯ್ದೆಯಂತೆ ಅದರ ಸುದ್ದಿ ಮೊದಲು ಜಿಲ್ಲಾಧಿಕಾರಿಗೆ ಹೋಗಬೇಕಿತ್ತು, ಆ ರೈತರ ಕಿವಿಗಲ್ಲ.