ಗುಟ್ಟು ಬಿಟ್ಟುಕೊಟ್ಟ ಬ್ಯಾಟರಿ

ಮೊಬೈಲಿನಲ್ಲಿ ಹವಾಮಾನದ ಜಾಲಪುಟವೊಂದನ್ನು ತೆರೆದೊಡನೆ, ‘ನೀವಿರುವ ಸ್ಥಳವನ್ನು ತಿಳಿಯಲು ಅನುಮತಿ ಕೊಡುವಿರಾ?’ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕ್ಯಾಮೆರಾ, ಮೈಕ್ರೊಫೋನುಗಳ ವಿಷಯದಲ್ಲಿಯೂ ಹೀಗೆಯೇ ಅಪ್ಪಣೆ ಕೇಳಲಾಗುತ್ತದೆ. ಇವು ಹೊರಗಿನವರಿಗೆ ಸುಮ್ಮನೆ ಒಪ್ಪಿಸತಕ್ಕ ವಸ್ತುಗಳಲ್ಲವೆಂಬುದು ಯಾರಿಗಾದರೂ ಹೊಳೆಯುವ ಮಾತು. ಆದರೆ ನಮ್ಮ ಬ್ಯಾಟರಿಯಲ್ಲಿ ಇನ್ನೆಷ್ಟು ವಿದ್ಯುತ್ತು ಉಳಿದಿದೆಯೆಂಬುದನ್ನು ಜಾಲಪುಟವೊಂದು ತಿಳಿದುಕೊಂಡರೆ ನಮಗಾಗುವ ನಷ್ಟವೇನು? ‘ಏನೂ ಇಲ್ಲ’ ಎಂದೇ ಹೆಚ್ಚಿನವರು ಉತ್ತರ ಕೊಟ್ಟಾರು. ಕೆಲವು ವರ್ಷಗಳ ಹಿಂದೆ ಈ ವಿಷಯದ ತಜ್ಞರೂ ಹಾಗೆಯೇ ತಿಳಿದಿದ್ದರು. ಆ ತಿಳಿವಳಿಕೆ ಹೇಗೆ ತಪ್ಪಾಯಿತು, ಅದರಿಂದ ನಾವು ಕಲಿಯಬೇಕಾದ ಪಾಠವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಜಗಲಿಯೂ ಒಳಮನೆಯೂ

ಮೊದಮೊದಲು ಜಾಲಪುಟವೆಂದರೆ ಬರಹ ಮತ್ತು ಚಿತ್ರಗಳ ಹಾಳೆಯಷ್ಟೇ ಆಗಿತ್ತು. ಇಂದು ಅದು ನಕ್ಷೆ ತೋರಿಸುತ್ತದೆ, ಮುಖಾಮುಖಿ ಮಾತುಕತೆ ನಡೆಸಿಕೊಡುತ್ತದೆ, ಆಟವಾಡಿಸುತ್ತದೆ. ಈ ಕೆಲಸಗಳಿಗೆ ಉಪಕರಣದ ಒಳಗಿನ ಮಾಹಿತಿ ಅದಕ್ಕೆ ಬೇಕು. ಮೊಬೈಲಿನಲ್ಲಿ ಒಂದು ತಂತ್ರಾಂಶವನ್ನು ನಾವು ತಿಳಿದು ತಿಳಿದೇ ಸ್ಥಾಪಿಸಿಕೊಳ್ಳುತ್ತೇವೆ. ಜಾಲಪುಟವಾದರೋ ಒಂದು ಕೊಂಡಿಯನ್ನು ಒತ್ತಿದ ಮಾತ್ರಕ್ಕೆ ಬಂದುಬಿಡುತ್ತದೆ. ಬರುವಾಗ ಜಾಹೀರಾತಿನವರೇ ಮುಂತಾದ ಇತರರು ಬರೆದ ಕಿರು ಕ್ರಮವಿಧಿಗಳನ್ನೂ ತನ್ನೊಡನೆ ಕರೆತರುವುದುಂಟು.

ಆದುದರಿಂದ ಪುಟಕ್ಕೂ ಉಪಕರಣಕ್ಕೂ ನಡುವೆ ಬ್ರೌಸರ್ ಎಂಬ ತಂತ್ರಾಂಶವು ಮನೆಯ ಯಜಮಾನನಂತೆ ನಿಂತಿರುತ್ತದೆ. ಬಂದವರು ಜಗಲಿಯ ಮೇಲೆ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಒಳಮನೆಗೆ ಹೋಗಬೇಕಾದರೆ ಕೇಳಿಯೇ ಹೋಗಬೇಕು. ಯಾವುದು ಜಗಲಿ, ಯಾವುದು ಒಳಮನೆ ಎಂಬ ನಿಯಮಗಳನ್ನು ಗೊತ್ತುಪಡಿಸುವುದರಲ್ಲಿ, 1994ರಲ್ಲಿ ಟಿಮ್ ಬರ್ನರ್ಸ್-ಲೀ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಎಂಬ ಸಂಸ್ಥೆ ಪ್ರಮುಖವಾದುದು. ಸ್ಥಳ, ಕ್ಯಾಮೆರಾ, ಮೈಕ್ರೊಫೋನುಗಳು ಒಳಮನೆಯ ಪಾಲಾದುವು. ಬ್ಯಾಟರಿಯ ಸ್ಥಿತಿಯನ್ನು ಮಾತ್ರ ಜಗಲಿಯ ಮೇಲೆ ಇಡಲಾಯಿತು.

ಬ್ಯಾಟರಿಯ ಕಥೆ

ಬ್ಯಾಟರಿಯ ಮಾಹಿತಿಯನ್ನು ಜಾಲಪುಟಕ್ಕೆ ಕೊಟ್ಟುದರ ಉದ್ದೇಶ ಒಳ್ಳೆಯದೇ ಆಗಿತ್ತು. ವಿದ್ಯುತ್ತು ಕಡಿಮೆಯಾಗಿದೆಯೆಂದು ತಿಳಿದರೆ, ಪುಟವು ಚಲಿಸುವ ಚಿತ್ರಗಳನ್ನು ನಿಲ್ಲಿಸಿ ಮಿತವ್ಯಯ ಮಾಡಬಹುದು. ಬರೆಯುತ್ತಿರುವ ಪತ್ರವನ್ನು ಬೇಗನೆ ಉಳಿಸಿಡಬಹುದು. ಇದಕ್ಕಾಗಿ ನಾಲ್ಕು ಸಂಗತಿಗಳನ್ನು ತಿಳಿಸುವ ಏರ್ಪಾಡಾಯಿತು: ಬ್ಯಾಟರಿಗೆ ಈಗ ವಿದ್ಯುತ್ತು ತುಂಬುತ್ತಿದೆಯೇ, ಪೂರ್ತಿ ತುಂಬಲು ಎಷ್ಟು ಸೆಕೆಂಡುಗಳು ಬೇಕು, ಬರಿದಾಗಲು ಎಷ್ಟು ಸೆಕೆಂಡುಗಳಿವೆ, ಮತ್ತು ಪೂರ್ಣಪ್ರಮಾಣದಲ್ಲಿ ಎಷ್ಟನೆಯ ಭಾಗ ಉಳಿದಿದೆ. 2012ರ ನಿಯಮಾವಳಿಯಲ್ಲಿ, ಈ ಮಾಹಿತಿಯಿಂದ ಖಾಸಗಿತನಕ್ಕೆ ಆಗುವ ಬಾಧೆ ತೀರ ಅಲ್ಪವೆಂದು ಹೇಳಿ, ಅನುಮತಿಯ ಅಗತ್ಯವನ್ನೇ ಕೈಬಿಡಲಾಗಿತ್ತು.

2015ರಲ್ಲಿ ಲುಕಾಷ್ ಒಲೆಯ್ನಿಕ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಈ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದರು. ಅವರು ಕಂಡುದೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ವಿದ್ಯಾರ್ಥಿನಿಯೊಬ್ಬಳು ಒಂದು ಕಾಯಿಲೆಯನ್ನು ಕುರಿತ ಪುಟವನ್ನು ಓದುತ್ತಿದ್ದಾಳೆಂದು ಭಾವಿಸಿರಿ. ಅದರಲ್ಲಿ ಅಡಗಿರುವ ಜಾಹೀರಾತಿನ ಕ್ರಮವಿಧಿಯು ಆಕೆಯ ಬ್ಯಾಟರಿಯನ್ನು ವಿಚಾರಿಸಿ, ‘0.62 ಭಾಗ ಉಳಿದಿದೆ. ಬರಿದಾಗಲು 7431 ಸೆಕೆಂಡು’ ಎಂಬ ಉತ್ತರವನ್ನು ಪಡೆಯುತ್ತದೆ. ಹತ್ತು ಸೆಕೆಂಡುಗಳ ತರುವಾಯ ಆಕೆ ಮತ್ತೊಂದು ತಾಣದಲ್ಲಿ ತನ್ನ ಹೆಸರು ಕೊಟ್ಟು ಅರ್ಜಿಯೊಂದನ್ನು ತುಂಬುತ್ತಾಳೆ. ಅಲ್ಲಿಯೂ ಅದೇ ಜಾಹೀರಾತಿನವರ ಕ್ರಮವಿಧಿಯಿದ್ದರೆ, ಅದಕ್ಕೂ ಅದೇ ಎರಡು ಸಂಖ್ಯೆಗಳು ದೊರೆಯುತ್ತವೆ. ಗುರುತಿಗಾಗಿ ತಾಣಗಳು ಬಿಟ್ಟುಹೋಗುವ ‘ಕುಕೀ’ಗಳನ್ನು ಆಕೆ ನಡುವೆ ಅಳಿಸಿಹಾಕಿದ್ದರೂ ಪ್ರಯೋಜನವಿಲ್ಲ. ಕಾಯಿಲೆಯ ಪುಟವನ್ನು ಓದಿದವಳೂ ಅರ್ಜಿ ತುಂಬಿದವಳೂ ಒಬ್ಬಳೇ ಎಂದು ಊಹಿಸಲು ಆ ಎರಡು ಸಂಖ್ಯೆಗಳೇ ಸಾಕು.

ಇದು ಕೇವಲ ಆಕಸ್ಮಿಕ ಹೋಲಿಕೆಯಾಗಿರಬಾರದೇ? ಉಳಿದ ಭಾಗ ಮತ್ತು ಉಳಿದ ಸಮಯಗಳು ಕೂಡಿ ಸುಮಾರು 1 ಕೋಟಿ 40 ಲಕ್ಷ ಬಗೆಯ ಜೋಡಿಗಳಾಗಬಲ್ಲವೆಂದು ಆ ಸಂಶೋಧಕರು ಲೆಕ್ಕ ಹಾಕಿದರು. ಕಾಲೇಜಿನ ವಿದ್ಯಾರ್ಥಿನಿಲಯವೊಂದರಲ್ಲಿ ಇನ್ನೂರು ಮಂದಿ ಒಂದೇ ಇಂಟರ್ನೆಟ್ ಸಂಪರ್ಕವನ್ನು ಬಳಸುತ್ತಿದ್ದರೂ, ಅದೇ ಕ್ಷಣದಲ್ಲಿ ಇಬ್ಬರ ಜೋಡಿ ಒಂದೇ ಆಗಿರುವ ಸಂಭವ ಬಹಳ ಕಡಿಮೆ. ಈ ಗುರುತು ಅರ್ಧ ನಿಮಿಷದಷ್ಟೇ ಬಾಳುವುದು ನಿಜ. ಆದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಹೊತ್ತೂ ಬೇಕಾಗದು.

ಭಿನ್ನರಾಶಿಯ ಪಾಠ

ಇದಕ್ಕಿಂತಲೂ ಸ್ವಾರಸ್ಯವಾದ ಇನ್ನೊಂದು ಸಂಗತಿ ಹೊರಬಿತ್ತು. ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುವ ಫೈರ್‌ಫಾಕ್ಸ್ ಬ್ರೌಸರು ಉಳಿದ ಭಾಗವನ್ನು 0.93 ಎಂದು ಹೇಳಿ ಸುಮ್ಮನಾಗದೆ, ದಶಮಾಂಶ ಬಿಂದುವಿನ ಮುಂದೆ ಹದಿನೈದು ಹದಿನಾರು ಅಂಕಿಗಳವರೆಗೆ ಉತ್ತರ ಕೊಡುತ್ತಿತ್ತು. ಈ ಅತಿಯಾದ ನಿಖರತೆಯಿಂದ ಏನಾಗುತ್ತದೆ?

ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಬ್ಯಾಟರಿಯೊಂದರ ಪೂರ್ಣ ಸಾಮರ್ಥ್ಯ 7 ಮಾನಗಳು, ಈಗ ಉಳಿದಿರುವುದು 3 ಎಂದಿಟ್ಟುಕೊಳ್ಳೋಣ. 3ನ್ನು 7ರಿಂದ ಭಾಗಿಸಿದರೆ 0.428571428571… ಎಂದು ಬರುತ್ತದೆ. ಇಷ್ಟು ಅಂಕಿಗಳನ್ನು ಕಂಡವನು, ಇದು ಏಳರಲ್ಲಿ ಮೂರನೆಯ ಪಾಲೆಂದು ಒಡನೆಯೇ ಗುರುತಿಸಬಲ್ಲನು. ಅಂದರೆ ಭಿನ್ನರಾಶಿಯ ಛೇದವು ಅವನ ಕೈಗೆ ಸಿಕ್ಕಿತು. ಅದೇ ಸಂಖ್ಯೆಯನ್ನು 0.43 ಎಂದು ಮೊಟಕುಗೊಳಿಸಿ ಹೇಳಿದ್ದರೆ? ಅದು 3/7 ಆಗಿರಬಹುದು, 10/23 ಆಗಿರಬಹುದು, 13/30 ಅಥವಾ 43/100 ಕೂಡ ಆಗಿರಬಹುದು. ಛೇದವು ಯಾವುದೆಂದು ಹೇಳುವಂತಿಲ್ಲ.

ಇಲ್ಲಿ ಛೇದವೆಂದರೆ ಬ್ಯಾಟರಿಯ ಇಂದಿನ ಪೂರ್ಣ ಸಾಮರ್ಥ್ಯವೇ. ಬ್ಯಾಟರಿ ಹಳೆಯದಾದಂತೆ ಈ ಸಾಮರ್ಥ್ಯ ಕುಗ್ಗುತ್ತದೆ. ಒಂದೊಂದು ಬ್ಯಾಟರಿಯೂ ತನ್ನದೇ ಆದ ರೀತಿಯಲ್ಲಿ ಸವೆಯುತ್ತದೆ. ಆದಕಾರಣ ಛೇದವು ಅರ್ಧ ನಿಮಿಷದಲ್ಲಿ ಮಾಯವಾಗದೆ, ಆ ಉಪಕರಣದ ಹಣೆಬರಹದಂತೆ ಹೆಚ್ಚು ಕಾಲ ಉಳಿಯುವ ಗುರುತಾಗುತ್ತದೆ. ಫೈರ್‌ಫಾಕ್ಸಿನವರು 2015ರಲ್ಲಿಯೇ ಈ ಸಂಖ್ಯೆಯನ್ನು ಎರಡು ಅಂಕಿಗಳಿಗೆ ಇಳಿಸಿ ದೋಷವನ್ನು ಸರಿಪಡಿಸಿದರು. ಮಿತವ್ಯಯ ಮಾಡಬೇಕೆಂಬ ಪುಟಕ್ಕೆ ಎರಡು ಅಂಕಿಗಳೇ ಧಾರಾಳ. ಉಳಿದುವುಗಳಿಂದ ಗೂಢಚಾರನ ಹೊರತು ಬೇರಾರಿಗೂ ಲಾಭವಿರಲಿಲ್ಲ.

ಮೂವತ್ತಮೂರು ಪ್ರಶ್ನೆಗಳು

ಬ್ಯಾಟರಿಯೊಂದರಿಂದಲೇ ಎಲ್ಲವೂ ಬಯಲಾಗುವುದಿಲ್ಲ. ಅಪಾಯವಿರುವುದು ಕೂಡಿಕೆಯಲ್ಲಿ. ಒಬ್ಬರು ಮನಸ್ಸಿನಲ್ಲಿ ಒಂದು ವಸ್ತುವನ್ನು ನೆನೆಸಿಕೊಂಡು, ಇನ್ನೊಬ್ಬರು ‘ಹೌದು’ ‘ಅಲ್ಲ’ ಎಂಬ ಉತ್ತರಗಳಿಂದಲೇ ಅದನ್ನು ಕಂಡುಹಿಡಿಯುವ ಆಟವನ್ನು ನಾವೆಲ್ಲ ಆಡಿದ್ದೇವೆ. ಪ್ರತಿ ಪ್ರಶ್ನೆಯೂ ಗುಂಪನ್ನು ಸಮಪಾಲಾಗಿ ಒಡೆಯುವಂತಿದ್ದರೆ, ಒಂದು ಪ್ರಶ್ನೆಯಿಂದ ಇಬ್ಬರಲ್ಲಿ ಒಬ್ಬನನ್ನು, ಎರಡರಿಂದ ನಾಲ್ವರಲ್ಲಿ ಒಬ್ಬನನ್ನು, ಹತ್ತರಿಂದ 1024 ಮಂದಿಯಲ್ಲಿ ಒಬ್ಬನನ್ನು ಆರಿಸಬಹುದು. ಇಂತಹ 33 ಪ್ರಶ್ನೆಗಳಾದರೆ 858 ಕೋಟಿಗೂ ಹೆಚ್ಚು ಮಂದಿಯಲ್ಲಿ ಒಬ್ಬನು ಸಿಕ್ಕಿಬೀಳುತ್ತಾನೆ. ಇಡೀ ಭೂಮಂಡಲದ ಜನಸಂಖ್ಯೆಯೇ ಅದಕ್ಕಿಂತ ಕಡಿಮೆ!

ಪರದೆಯ ಅಳತೆ, ಭಾಷೆ, ಕಾಲವಲಯ, ಅಕ್ಷರವಿನ್ಯಾಸಗಳ ಪಟ್ಟಿ ಮುಂತಾದುವು ಒಂದೊಂದೂ ಇಂತಹ ಕೆಲವು ಪ್ರಶ್ನೆಗಳಿಗೆ ಉತ್ತರವಿದ್ದಂತೆ. 2010ರಲ್ಲಿ ಪೀಟರ್ ಎಕರ್ಸ್‌ಲಿ ಎಂಬವರು ಸುಮಾರು 4 ಲಕ್ಷ 70 ಸಾವಿರ ಬ್ರೌಸರುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇಕಡಾ 83.6 ಬ್ರೌಸರುಗಳು ತಮ್ಮಂತಹ ಇನ್ನೊಂದಿಲ್ಲದೆ ಒಂಟಿಯಾಗಿ ಎದ್ದುಕಂಡುವು. ಯಾವೊಂದು ಸಂಗತಿಯೂ ರಹಸ್ಯವಾಗಿರಲಿಲ್ಲ; ಅವುಗಳ ಕೂಡಿಕೆ ಮಾತ್ರ ಬೆರಳಚ್ಚಿನಂತಾಗಿತ್ತು. ಬ್ಯಾಟರಿಯ ಮಾಹಿತಿಯೂ ಹೀಗೆಯೇ ಬಳಕೆಯಾಗುತ್ತಿತ್ತೆಂಬುದು 2016ರಲ್ಲಿ ಸಾಬೀತಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಹತ್ತು ಲಕ್ಷ ತಾಣಗಳನ್ನು ಶೋಧಿಸಿದಾಗ, ಜನರ ಗುರುತು ಹಿಡಿಯಲು ಬ್ಯಾಟರಿಯನ್ನು ವಿಚಾರಿಸುವ ಎರಡು ಕ್ರಮವಿಧಿಗಳು ಸಿಕ್ಕಿದುವು.

ಅದೇ ವರ್ಷ ಫೈರ್‌ಫಾಕ್ಸಿನವರು ಈ ಸೌಲಭ್ಯವನ್ನೇ ಜಾಲಪುಟಗಳಿಂದ ಹಿಂತೆಗೆದುಕೊಳ್ಳಲು ನಿಶ್ಚಯಿಸಿದರು. 2017ರ ಮಾರ್ಚಿಯಲ್ಲಿ ಬಂದ 52ನೆಯ ಆವೃತ್ತಿಯಿಂದ ಅದು ಇಲ್ಲವಾಯಿತು. ಕ್ರೋಮ್ ಬ್ರೌಸರಿನವರು ಅದನ್ನು ಉಳಿಸಿಕೊಂಡು, ಸುರಕ್ಷಿತ ಸಂಪರ್ಕವಿರುವ ಪುಟಗಳಿಗೆ ಮಾತ್ರ ಸೀಮಿತಗೊಳಿಸಿದ್ದಾರೆ. ಪ್ರಯೋಜನ ಮತ್ತು ಅಪಾಯಗಳನ್ನು ತೂಗುವಾಗ ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯ ಇರುತ್ತದೆಂಬುದಕ್ಕೆ ಇದು ನಿದರ್ಶನ.

ಎಷ್ಟು ಬೇಕೋ ಅಷ್ಟೇ

ನಿಖರತೆಯು ಕಾಲದ ಅಳತೆಯಲ್ಲಿಯೂ ಅಪಾಯ ತರಬಲ್ಲದು. ಮೊಬೈಲು ಹೇಗೆ ತಿರುಗಿತೆಂಬುದನ್ನು ಅಳೆಯುವ ಗೈರೊಸ್ಕೋಪು ಸೂಕ್ಷ್ಮವಾದ ಧ್ವನಿಕಂಪನಗಳಿಗೂ ಸ್ಪಂದಿಸುತ್ತದೆಯೆಂದು 2014ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ತೋರಿಸಿದರು. ಸೆಕೆಂಡಿಗೆ 200 ಸಲ ಅಳೆದರೆ 100 ಹರ್ಟ್ಸ್‌ವರೆಗಿನ ಕಂಪನಗಳು ದಕ್ಕುತ್ತವೆ; ಗಂಡಸಿನ ಕಂಠದ ಮೂಲಸ್ವರ ಆ ಎಲ್ಲೆಯೊಳಗೂ ಇಳಿಯುವುದುಂಟು. ಅದರಿಂದ ಮಾತು ಪೂರ್ತಿ ತಿಳಿಯದಿದ್ದರೂ, ಆಡಿದವರು ಯಾರೆಂಬುದರ ಸುಳಿವು ದೊರೆಯುತ್ತಿತ್ತು. ಸೆಕೆಂಡಿಗೆ 20 ಸಲವಷ್ಟೇ ಅಳೆಯಲು ಬಿಟ್ಟರೆ 10 ಹರ್ಟ್ಸ್‌ಗಿಂತ ಮೇಲಿನದು ದಕ್ಕುವುದಿಲ್ಲ. ಪರದೆಯನ್ನು ಅಡ್ಡವಾಗಿ ತಿರುಗಿಸುವ ಕೆಲಸಕ್ಕೆ ಅಷ್ಟು ಸಾಕು.

ಸ್ಥಳದ ವಿಷಯವೂ ಇದೇ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರು. ದಶಮಾಂಶದ ನಾಲ್ಕು ಸ್ಥಾನಗಳವರೆಗೆ ಹೇಳಿದರೆ ಸುಮಾರು 11 ಮೀಟರು, ಎಂದರೆ ನಮ್ಮ ಮನೆಯೇ ಗೊತ್ತಾಗುತ್ತದೆ. ಒಂದೇ ಸ್ಥಾನಕ್ಕೆ ನಿಲ್ಲಿಸಿದರೆ ಸುಮಾರು 11 ಕಿಲೋಮೀಟರು. ಧಾರವಾಡದಲ್ಲಿ ನಾಳೆ ಮಳೆಯೇ ಎಂದು ಕೇಳುವವನಿಗೆ ಊರು ತಿಳಿದರೆ ಸಾಕು, ಬಾಗಿಲು ತಿಳಿಯಬೇಕಾಗಿಲ್ಲ.

ಇವೆಲ್ಲವುಗಳಿಂದ ಹೊರಡುವ ತತ್ತ್ವ ಒಂದೇ: ಒಂದು ಮಾಹಿತಿ ನಿರಪಾಯವೋ ಅಲ್ಲವೋ ಎಂಬುದು ಆ ಮಾಹಿತಿಯನ್ನೇ ನೋಡಿ ಹೇಳತಕ್ಕದ್ದಲ್ಲ, ಅದನ್ನು ಎಷ್ಟು ಸೂಕ್ಷ್ಮವಾಗಿ ಕೊಡುತ್ತೇವೆ, ಯಾವುದರೊಡನೆ ಅದು ಕೂಡಿಕೊಳ್ಳಬಲ್ಲದು ಎಂಬುದನ್ನು ನೋಡಿ ಹೇಳಬೇಕು. ಅನುಮತಿ ಕೇಳುವುದು ಅಗತ್ಯ. ಆದರೆ ಅದೊಂದೇ ಸಾಲದು. ದಿನಕ್ಕೆ ಹತ್ತಾರು ಬಾರಿ ಕೇಳಿದರೆ ಓದದೆಯೇ ‘ಆಗಲಿ’ ಎಂದು ಒತ್ತುವುದು ಮನುಷ್ಯಸ್ವಭಾವ. ಆದುದರಿಂದ ಕೇಳುವ ಮೊದಲೇ, ಕೊಡುವ ಪ್ರಮಾಣವನ್ನು ತಗ್ಗಿಸಿರುವುದು ಲೇಸು.

ನಮ್ಮ ಹಕ್ಕು, ನಮ್ಮ ಹೊಣೆ

ಈ ವಿಚಾರದಲ್ಲಿ ಕನ್ನಡನಾಡಿಗೂ ಒಂದು ಸಂಬಂಧವುಂಟು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾಯಿದೆಯೊಂದನ್ನೂ ಅಂಗೀಕರಿಸಿತು.

ಆದರೆ ಕಾಯಿದೆಯು ಪ್ರತಿಯೊಂದು ದಶಮಾಂಶ ಅಂಕಿಯ ಬಳಿಯೂ ಕಾವಲು ನಿಲ್ಲಲಾರದು. ನಮ್ಮ ವಾಚಕರು ಇಂದೇ ಬ್ರೌಸರಿನ ಸೆಟ್ಟಿಂಗ್ಸನ್ನು ತೆರೆದು, ಯಾವ ಯಾವ ತಾಣಗಳಿಗೆ ಯಾವ ಯಾವ ಅನುಮತಿ ಕೊಟ್ಟಿದ್ದೇವೆಂಬ ಪಟ್ಟಿಯನ್ನು ಪರಿಶೀಲಿಸಲಿ, ಬೇಡವಾದುವನ್ನು ರದ್ದುಮಾಡಲಿ, ‘ಈ ಒಂದು ಸಲ ಮಾತ್ರ’ ಎಂಬ ಆಯ್ಕೆಯಿರುವೆಡೆ ಅದನ್ನೇ ಬಳಸಲಿ. ನಿಮ್ಮಲ್ಲಿ ಅನೇಕರು ಮುಂದೆ ಇಂತಹ ಪುಟಗಳನ್ನು ಸ್ವತಃ ರಚಿಸುವವರಾಗುವಿರಿ. ಅಂದು ಒಂದು ಮಾಹಿತಿಯನ್ನು ಕೇಳುವ ಮೊದಲು, ಇದು ನನ್ನ ಕೆಲಸಕ್ಕೆ ಬೇಕೇ, ಬೇಕಾದರೆ ಎಷ್ಟು ಅಂಕಿಗಳು ಸಾಕು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಕಾಯಿಲೆಯ ಪುಟವನ್ನು ಗುಟ್ಟಾಗಿ ಓದುತ್ತಿರುವ ಆ ವಿದ್ಯಾರ್ಥಿನಿಯು ನಿಮ್ಮನ್ನು ಎಂದೂ ಕಾಣಳು. ಆದರೂ ಆಕೆಯ ಗುಟ್ಟು ಉಳಿಯುವುದು ನೀವು ಬಿಟ್ಟುಬಿಟ್ಟ ಅಂಕಿಗಳಿಂದಲೇ.