ಮಗು ಎಷ್ಟು ಹಾಲು ಕುಡಿಯಿತು?

ಬಾಟಲಿಯ ಮೇಲೆ ಗೆರೆಗಳಿರುತ್ತವೆ. ಎಷ್ಟು ಖಾಲಿಯಾಯಿತೆಂದು ನೋಡಿದ ಕೂಡಲೇ ತಿಳಿಯುತ್ತದೆ. ತಾಯಿಯ ಎದೆಗೆ ಅಂಥ ಗೆರೆಗಳಿಲ್ಲ. ‘ನನ್ನ ಹಾಲು ಕೂಸಿಗೆ ಸಾಲುತ್ತದೆಯೋ ಇಲ್ಲವೋ’ ಎಂಬ ಅಳುಕು ಬಾಣಂತಿಯ ಮನಸ್ಸಿನಲ್ಲಿ ಹುಟ್ಟುವುದು ಇಲ್ಲಿಂದಲೇ. ಕೂಸು ನಾಲ್ಕು ಸಲ ಅತ್ತರೆ ಸಾಕು, ನೋಡಲು ಬಂದವರು “ಹಾಲು ಸಾಲವಲ್ದು, ಡಬ್ಬಿ ಹಾಲು ಹಾಕ್ರಿ” ಎಂದುಬಿಡುತ್ತಾರೆ. ಆ ಒಂದು ಮಾತಿನಿಂದ ಎಷ್ಟೋ ಮಕ್ಕಳು ಎದೆಹಾಲಿನಿಂದ ದೂರವಾಗುತ್ತವೆ. ಆದ್ದರಿಂದ ಮಗು ಕುಡಿಯುವ ಹಾಲನ್ನು ಅಳೆಯುವುದು ಹೇಗೆಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು.

ತಕ್ಕಡಿಯ ಅಳತೆ

ಹಾಲುಣಿಸುವ ಮುನ್ನ ಮಗುವನ್ನು ತೂಗಬೇಕು. ಹಾಲುಣಿಸಿದ ಮೇಲೆ ಅದೇ ಬಟ್ಟೆಯಲ್ಲಿ, ಒದ್ದೆಯಾಗಿದ್ದರೂ ಲಂಗೋಟಿ ಬದಲಿಸದೆ, ಮತ್ತೆ ತೂಗಬೇಕು. ಹೆಚ್ಚಾದ ತೂಕವೇ ಮಗು ಕುಡಿದ ಹಾಲು. ಇದಕ್ಕೆ ಕೆಲವೇ ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ ಬೇಕು. ನೂರು ಗ್ರಾಂಗೊಂದು ಗೆರೆಯಿರುವ ತೂಗುಹಾಕುವ ತಕ್ಕಡಿ ಇದಕ್ಕೆ ಒದಗದು.

ಒಂದೇ ಸಲ ತೂಗಿ ತೀರ್ಮಾನಿಸುವುದೂ ಸರಿಯಲ್ಲ. ಆಸ್ಟ್ರೇಲಿಯಾದ ಸಂಶೋಧಕರು ಒಂದರಿಂದ ಆರು ತಿಂಗಳ ಮಕ್ಕಳನ್ನು ದಿನವಿಡೀ ಹೀಗೆ ತೂಗಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳು ದಿನಕ್ಕೆ ಸರಾಸರಿ 788 ಗ್ರಾಂ ಹಾಲು ಕುಡಿದಿದ್ದವು. ಆದರೆ ಒಂದು ಮಗು 478 ಗ್ರಾಂ ಕುಡಿದರೆ ಇನ್ನೊಂದು 1356 ಗ್ರಾಂ ಕುಡಿದಿತ್ತು. ಎಲ್ಲವೂ ಆರೋಗ್ಯವಾಗಿ ಬೆಳೆಯುತ್ತಿದ್ದ ಮಕ್ಕಳೇ. ಹೀಗಿರುವಾಗ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಚಿಂತಿಸುವುದರಲ್ಲಿ ಅರ್ಥವೇನಿದೆ?

ಭಾರಜಲದ ಅಳತೆ

1982ರಲ್ಲಿ ವಿಜ್ಞಾನಿಗಳು ಇನ್ನೊಂದು ವಿಧಾನವನ್ನು ತಿಳಿಸಿದರು. ತಾಯಿಗೆ ಸ್ವಲ್ಪ ಭಾರಜಲವನ್ನು ಕುಡಿಸುತ್ತಾರೆ. ಇದು ವಿಕಿರಣ ಸೂಸುವುದಿಲ್ಲ. ಈ ಅಳತೆಗೆ ಕೊಡುವ ಪ್ರಮಾಣದಲ್ಲಿ ಅಪಾಯವಿಲ್ಲ. ಅದು ತಾಯಿಯ ಮೈಯ ನೀರಿನಲ್ಲಿ ಬೆರೆತು, ಹಾಲಿನ ಮೂಲಕ ಮಗುವನ್ನು ಸೇರುತ್ತದೆ. ಎರಡು ವಾರಗಳ ಅವಧಿಯಲ್ಲಿ ಇಬ್ಬರ ಜೊಲ್ಲನ್ನು ಆಗಾಗ ಪರೀಕ್ಷಿಸಿ, ಮಗು ಕುಡಿದ ಹಾಲನ್ನು ಲೆಕ್ಕ ಹಾಕುತ್ತಾರೆ. ಹಾಲಿನ ಹೊರತಾಗಿ ಮಗುವಿಗೆ ಬೇರೆ ನೀರು ಹೋಗಿದೆಯೇ ಎಂಬುದೂ ಇದರಿಂದ ಹೊರಬೀಳುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರೂ ನಮ್ಮ ನಾಡಿನ ತಾಯಂದಿರ ಹಾಲನ್ನು ಈ ವಿಧಾನದಿಂದ ಅಳೆದಿದ್ದಾರೆ.

ಮನೆಯ ಅಳತೆ

ರಾವೂರಿನ ತಾಯಿಗೆ ಭಾರಜಲವೂ ಬೇಡ, ಗ್ರಾಂ ಲೆಕ್ಕವೂ ಬೇಡ. ಎರಡು ಗುರುತುಗಳನ್ನು ನೋಡಿದರೆ ಸಾಕು.

ಒಂದು, ಮೂತ್ರ. ಮೊದಲ ವಾರ ಕಳೆದ ಮೇಲೆ, ಎದೆಹಾಲನ್ನು ಮಾತ್ರ ಕುಡಿಯುವ ಮಗು ಹಗಲು ರಾತ್ರಿ ಸೇರಿ ಆರು ಸಲವಾದರೂ ಮೂತ್ರ ಮಾಡಬೇಕು, ಅದು ತಿಳಿಯಾಗಿರಬೇಕು.

ಎರಡು, ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಕೊಂಚ ಇಳಿಯುವುದು ಸಹಜ. ಸುಮಾರು ಎರಡು ವಾರದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೆ ಅರ್ಧ ಕಿಲೋ ಆದರೂ ಏರಬೇಕು. ಅಂಗನವಾಡಿಯಲ್ಲಿ ತಪ್ಪದೆ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಅಳುವುದು, ಎದೆ ಮೆತ್ತಗಾಗುವುದು, ಹಿಂಡಿದರೆ ಸ್ವಲ್ಪವೇ ಹಾಲು ಬರುವುದು: ಇವು ಹಾಲು ಕಡಿಮೆಯೆಂಬುದಕ್ಕೆ ಸಾಕ್ಷಿಗಳಲ್ಲ. ಮಗು ಚೀಪಿ ತೆಗೆದಷ್ಟನ್ನು ಕೈ ತೆಗೆಯಲಾರದು. ಆದರೆ ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ, ಮಗು ಮಂಕಾಗಿ ಹಾಲು ಕುಡಿಯದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಬೇಸಿಗೆಯ ಪ್ರಶ್ನೆ

ವಾಡಿ, ಶಹಾಬಾದ್, ಚಿತ್ತಾಪುರದ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ‘ಕೂಸಿನ ಗಂಟಲು ಒಣಗೀತು, ಒಂದು ಗುಟುಕು ನೀರು ಹಾಕೋಣ’ ಎಂದು ಅಜ್ಜಿಗೆ ಅನ್ನಿಸುವುದು ಪ್ರೀತಿಯಿಂದಲೇ. ಆದರೆ ನೂರು ಪಾಲು ಎದೆಹಾಲಿನಲ್ಲಿ ಸುಮಾರು 87 ಪಾಲು ನೀರೇ ಇದೆ. ಆರು ತಿಂಗಳು ತುಂಬುವವರೆಗೆ ಬೇರೆ ನೀರು ಬೇಡ. ಸೆಕೆಯಲ್ಲಿ ಇನ್ನಷ್ಟು ಸಲ ಮೊಲೆಯೂಡಿಸಿದರಾಯಿತು. ನೀರು ಕುಡಿಯಬೇಕಾದವಳು ತಾಯಿ.

ನೀರಾಗಲಿ, ಡಬ್ಬಿ ಹಾಲಾಗಲಿ ಹೊಟ್ಟೆ ತುಂಬಿಸಿದರೆ ಮಗು ಮೊಲೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. ಹೀಗೆ ಸುಳ್ಳು ಭಯವೇ ನಿಜವಾಗುತ್ತದೆ. ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶ 1992ರ ಕಾಯಿದೆಯಿಂದ ನಿಷೇಧಿಸಿದೆ. ನಮ್ಮ ನಾಲಿಗೆಯಿಂದ ನಾವೇ ಆ ಜಾಹೀರಾತು ಮಾಡದಿರೋಣ.

2014ರ ಜನವರಿಯಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ದೇವಾಲಯದಲ್ಲಿ ಮಕ್ಕಳಿಗೆ ಜ್ಞಾನಸ್ನಾನ ನೀಡುವಾಗ ಪೋಪ್ ಫ್ರಾನ್ಸಿಸ್‌ರವರು, ಮಗು ಹಸಿದಿದ್ದರೆ ಅಲ್ಲಿಯೇ ಹಾಲುಣಿಸುವಂತೆ ತಾಯಂದಿರಿಗೆ ಹೇಳಿದರು. ಹಸಿವು ಗಡಿಯಾರ ನೋಡಿ ಬರುವುದಿಲ್ಲ. ಆದುದರಿಂದ ಅತ್ತೆಯವರೇ, ಗಂಡಂದಿರೇ, ಮುಂದಿನ ಸಲ ಮಗು ಅತ್ತಾಗ ತಾಯಿಯ ಹಾಲನ್ನು ಅನುಮಾನಿಸಬೇಡಿ. ಅವಳ ಕೈಯ ಕೆಲಸವನ್ನು ನೀವು ತೆಗೆದುಕೊಂಡು, ಒಂದು ತಂಬಿಗೆ ನೀರನ್ನೂ ಬಿಸಿ ರೊಟ್ಟಿಯನ್ನೂ ಅವಳ ಮುಂದಿಡಿ.